ಕಿತ್ತಳೆ ಪೆಡಲಿನ ಕೀರಲು ದನಿ ಇಳಿಸುವ ಬಗೆ

ಒಮಾನಿನ ಹಮ್ರಿಯಾದ ಫ್ಲ್ಯಾಟುಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ವಾಲ್ಯೂಮಿಗೆ ಕೈ ಹಾಕುವ ಮುಂಚೆ ನಾಲ್ಕು ಸಲ ಯೋಚಿಸಬೇಕು. ಪಕ್ಕದ ಮನೆಯಲ್ಲಿ ಕೂಸು ಮಲಗಿರುತ್ತದೆ, ಮೇಲಿನ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರಿರುತ್ತಾರೆ. ಹಾಗಾಗಿ ಹೆಡ್‌ಫೋನ್ ಹಾಕಿಕೊಂಡೋ, ಆಂಪ್ಲಿಫೈಯರನ್ನು ಪಿಸುದನಿಗೆ ಇಳಿಸಿಯೋ ನುಡಿಸುವುದೇ ಹೆಚ್ಚು. ಡಿಸ್ಟಾರ್ಷನ್ ಪೆಡಲಿನ ಹುಳುಕು ಹೊರಬೀಳುವುದೂ ಆಗಲೇ. ವೇದಿಕೆಯ ಮೇಲೆ ಗುಡುಗುತ್ತಿದ್ದ ಪೆಡಲ್ ಮನೆಯೊಳಗೆ ಜೀರುಂಡೆಯಂತೆ ಕಿರ್ರೆನ್ನುತ್ತದೆ.

ಇದಕ್ಕೆ ಕಾರಣ ಎರಡು. ಸಣ್ಣ ದನಿಯಲ್ಲಿ ನಮ್ಮ ಕಿವಿ ಮಂದ್ರ ಸ್ವರಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ; 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ಇನ್ನೊಂದು, ಗಿಟಾರ್ ಆಂಪ್ಲಿಫೈಯರಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ಮೇಲಿನ ಸದ್ದನ್ನು ತಾನೇ ನುಂಗಿಬಿಡುತ್ತದೆ. ಹೆಡ್‌ಫೋನಿಗೆ ಆ ದಾಕ್ಷಿಣ್ಯವಿಲ್ಲ, ಇದ್ದಬದ್ದ ಕೀರಲನ್ನೆಲ್ಲ ಕಿವಿಗೆ ತುಂಬುತ್ತದೆ.

ಉದಾಹರಣೆಗೆ ಬಾಸ್ ಕಂಪನಿಯ ಡಿಎಸ್-1 ಪೆಡಲನ್ನೇ ಹಿಡಿಯೋಣ. 1978ರಲ್ಲಿ ಬಂದ ಈ ಕಿತ್ತಳೆ ಡಬ್ಬಿಯನ್ನು ಕರ್ಟ್ ಕೊಬೇನ್, ಜೋ ಸ್ಯಾಟ್ರಿಯಾನಿ ಇಬ್ಬರೂ ಬಳಸಿದ್ದಾರೆ. ಸ್ಟೀವ್ ವಾಯ್ ಬಳಸಿದ್ದು ಬಿಚ್ಚಿ ತಿದ್ದಿಸಿಕೊಂಡದ್ದನ್ನು. ವಾದ್ಯವನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುವುದು ನಮಗೂ ಹೊಸತಲ್ಲ. ಮೈಕು ಬರುವ ಮುಂಚಿನ ಕಛೇರಿಗಳಲ್ಲಿ ಪಿಟೀಲಿನ ನಾದ ಸಾಲದೆಂದು ಮೈಸೂರು ಚೌಡಯ್ಯನವರು ನಾಲ್ಕು ತಂತಿಯನ್ನು ಏಳು ಮಾಡಿಕೊಂಡವರು.

ಒಳಗೆ ನಡೆಯುವುದೇನು

ಗಿಟಾರಿನಿಂದ ಬಂದ ಸಂಕೇತವನ್ನು ಮೊದಲು ಒಂದು ಟ್ರಾನ್ಸಿಸ್ಟರ್, ಆಮೇಲೆ ಒಂದು ಐಸಿ ಹಿಗ್ಗಿಸುತ್ತವೆ. ಅದರ ಮುಂದೆ ಎದುರುಬದುರಾಗಿ ಕೂತ ಎರಡು 1ಎನ್4148 ಡಯೋಡ್‌ಗಳು ಅಲೆಯ ನೆತ್ತಿಯನ್ನೂ ತಳವನ್ನೂ 0.6–0.7 ವೋಲ್ಟಿನ ಆಸುಪಾಸಿನಲ್ಲಿ ಕತ್ತರಿಸುತ್ತವೆ. ನಾವು ಡಿಸ್ಟಾರ್ಷನ್ ಎನ್ನುವ ಗುಣ ಬಹುಮಟ್ಟಿಗೆ ಹುಟ್ಟುವುದು ಇಲ್ಲೇ. ಆ ಜೋಡಿಯ ಪಕ್ಕದಲ್ಲಿ 0.01 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇದೆ. ಹಿಂದಿರುವ 2.2 ಕಿಲೋಓಮ್ ರೆಸಿಸ್ಟರಿನ ಜತೆ ಸೇರಿ ಅದು ಸುಮಾರು 7,200 ಹರ್ಟ್ಸ್ ಮೇಲಿನ ಸದ್ದನ್ನು ತಗ್ಗಿಸುತ್ತದೆ. ಮನೆಯಲ್ಲಿ ನುಡಿಸುವವರಿಗೆ ಈ ಗಡಿ ತೀರಾ ಎತ್ತರವಾಯಿತು.

ನನ್ನ ಮಟ್ಟಿಗೆ ಕೈ ಹಾಕಬೇಕಾದ್ದು ಈ ಎರಡು ಜಾಗಕ್ಕೆ ಮಾತ್ರ. ದುಬಾರಿ ಐಸಿ ಹಾಕಿದರೆ ಪೆಡಲ್ ಹಾಡುತ್ತದೆ ಎನ್ನುವ ಗಿಟಾರಿಗರು ಬೇಕಾದಷ್ಟು ಮಂದಿ ಸಿಗುತ್ತಾರೆ. ಡಿಎಸ್-1ರ ಐಸಿಗೆ ಕಾಲುಗಳು ಒಂದೇ ಸಾಲಿನಲ್ಲಿರುವುದರಿಂದ ಸಾಮಾನ್ಯ ಎರಡು ಸಾಲಿನ ಐಸಿ ಅಲ್ಲಿ ಕೂರುವುದೇ ಇಲ್ಲ. ಕೂರಿಸಿದರೂ ಖರ್ಚಿಗೆ ತಕ್ಕ ವ್ಯತ್ಯಾಸ ಕೇಳಿಸದು.

ಬೇಕಾದ ಸಾಮಾನು

25 ವ್ಯಾಟ್ ಸೋಲ್ಡರಿಂಗ್ ಐರನ್, ತೆಳು ಬೆಸುಗೆ ತಂತಿ, ಕರಗಿದ ಬೆಸುಗೆ ಎಳೆಯುವ ಪಂಪ್, ಮಲ್ಟಿಮೀಟರ್, ಸ್ಟಾರ್ ಸ್ಕ್ರೂಡ್ರೈವರ್. ಬಿಡಿಭಾಗಗಳೆಂದರೆ 3 ಮಿ.ಮೀ. ಕೆಂಪು ಎಲ್‌ಇಡಿ ಒಂದು, ಮೈಮೇಲೆ 223 ಎಂದು ಬರೆದ 0.022 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಒಂದು. ಹಳೆಯದರ ಮೇಲೆ 103 ಎಂದಿರುತ್ತದೆ. ಐರನ್, ಮೀಟರುಗಳಿಗೆ ಪಕ್ಕದ ರುವಿಗೆ ಹೋದರಾಯಿತು. ಬಿಡಿಭಾಗಗಳನ್ನು ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹತ್ತಿಪ್ಪತ್ತರ ಲೆಕ್ಕದಲ್ಲಿ ಕೊಂಡು ತರುವುದೇ ಸಲೀಸು.

ಐರನ್ನೂ ಊರಿಂದಲೇ ತಂದಿದ್ದರೆ ಒಂದು ಎಚ್ಚರ. ಇಲ್ಲಿಯ ಸಾಕೆಟ್ಟಿಗೆ ಬೇಕಾದ್ದು ಚಪ್ಪಟೆ ಮೂರು ಪಿನ್ನಿನ ಬ್ರಿಟಿಷ್ ಪ್ಲಗ್. ಅರ್ತಿನ ತೂತಿಗೆ ಪೆನ್ನು ಚುಚ್ಚಿ, ನಮ್ಮ ಎರಡು ಪಿನ್ನಿನ ಪ್ಲಗ್ಗನ್ನು ತುರುಕುವ ಗಲ್ಫ್ ವಿದ್ಯೆಯನ್ನು ದಯವಿಟ್ಟು ಇಲ್ಲಿ ತೋರಿಸಬೇಡಿ. ಪ್ಲಗ್ಗನ್ನೇ ಬದಲಿಸಿ, ಒಳಗೆ 3 ಆಂಪಿಯರ್ ಫ್ಯೂಸ್ ಹಾಕಿ. ಎಸಿ ಓಡುತ್ತಿದೆಯೆಂದು ಕಿಟಕಿಗಳನ್ನೆಲ್ಲ ಬಿಗಿದು ಬೆಸುಗೆಗೆ ಕೂರುವುದೂ ಬೇಡ. ಹೊಗೆ ಹೋಗಲು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿಕೊಳ್ಳಿ.

ಕೆಲಸ

ಮೊದಲು ಅಡಾಪ್ಟರ್ ಕೀಳಿ, ಬ್ಯಾಟರಿಯನ್ನೂ ತೆಗೆಯಿರಿ. ತಳದ ನಾಲ್ಕು ತಿರುಪು ಬಿಚ್ಚಿ ತಗಡನ್ನು ಎತ್ತಿ. ತಗಡಿಗೂ ಬೋರ್ಡಿಗೂ ನಡುವೆ ಪ್ಲಾಸ್ಟಿಕ್ ಹಾಳೆಯಿದ್ದರೆ ಜೋಪಾನ ಮಾಡಿ, ಮುಚ್ಚುವಾಗ ಅದು ಅಲ್ಲೇ ಕೂರಬೇಕು. ತಂತಿಗಳನ್ನು ಎಳೆದಾಡದೆ ಬೋರ್ಡನ್ನು ಮಗುಚಿ, ಫೋನಿನಲ್ಲಿ ಒಂದೆರಡು ಫೋಟೊ ಹೊಡೆದಿಟ್ಟುಕೊಳ್ಳಿ. ಬಿಡಿಭಾಗಗಳು ಅಕ್ಕಿಕಾಳಿಗಿಂತ ಚಿಕ್ಕದಾಗಿ, ಕಾಲುಗಳೇ ಇಲ್ಲದೆ ಬೋರ್ಡಿಗೆ ಅಂಟಿಕೊಂಡಿವೆಯೇ? ಹಾಗಿದ್ದರೆ ಹಾಗೇ ಮುಚ್ಚಿಬಿಡಿ, ಅದು ಮನೆಯ ಐರನ್ನಿಗೆ ಬಗ್ಗುವ ಕೆಲಸವಲ್ಲ. ವಾರಂಟಿ ಇನ್ನೂ ಇದ್ದರೂ ಅಷ್ಟೇ.

ಬೋರ್ಡಿನ ಮೇಲೆ ಡಿ4, ಡಿ5, ಸಿ10 ಎಂಬ ಅಚ್ಚು ಹುಡುಕಿ. ಡಯೋಡ್‌ಗಳೆರಡೂ ಗಾಜಿನ ಮೈಯವು, ಒಂದು ತುದಿಗೆ ಕಪ್ಪು ಪಟ್ಟಿ ಇರುತ್ತದೆ.

ಮೊದಲ ಸರದಿ ಸಿ10ರದ್ದು. ಬೆಸುಗೆಯ ಮೇಲೆ ಐರನ್ನಿನ ತುದಿಯನ್ನು ಎರಡು ಮೂರು ಸೆಕೆಂಡು ಮಾತ್ರ ಇಡಿ, ಕರಗಿದೊಡನೆ ಪಂಪಿನಿಂದ ಎಳೆಯಿರಿ. ಬರಲಿಲ್ಲವೆಂದರೆ ಮೇಲೆ ಒಂದಿಷ್ಟು ಹೊಸ ಬೆಸುಗೆ ಸವರಿ ಮತ್ತೆ ಎಳೆಯಿರಿ. ಕಾಲು ಹಿಡಿದು ಜಗ್ಗಿದರೆ ಕೆಳಗಿನ ತಾಮ್ರದ ಪದರವೇ ಕಿತ್ತು ಬರುತ್ತದೆ. ಹಳೆಯ ಪೆಡಲುಗಳು ಹಾಳಾಗುವುದು ಹೆಚ್ಚಾಗಿ ಹೀಗೆಯೇ. ತೂತು ಸ್ವಚ್ಛವಾದ ಮೇಲೆ 223 ಕೂರಿಸಿ. ಈ ಕೆಪಾಸಿಟರಿಗೆ ಹಿಂದುಮುಂದು ಇಲ್ಲ. ಈಗ ಗಡಿ ಸುಮಾರು 3,300 ಹರ್ಟ್ಸಿಗೆ ಇಳಿಯಿತು.

ಇಲ್ಲಿಗೆ ನಿಲ್ಲಿಸಿ, ನುಡಿಸಿ ನೋಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಪರೀಕ್ಷೆಗೆ ಅಡಾಪ್ಟರಿಗಿಂತ 9 ವೋಲ್ಟಿನ ಬ್ಯಾಟರಿಯೇ ವಾಸಿ. ಎಲ್ಲೋ ಬೆಸುಗೆ ಹರಿದು ಒಂದಕ್ಕೊಂದು ತಾಗಿಕೊಂಡಿದ್ದರೂ ಅನಾಹುತ ಕಡಿಮೆ. ಇನ್‌ಪುಟ್ ಜ್ಯಾಕಿಗೆ ಕೇಬಲ್ ಚುಚ್ಚಿದರೆ ಮಾತ್ರ ಬ್ಯಾಟರಿ ಚಾಲೂ ಆಗುತ್ತದೆ ಎಂಬುದು ನೆನಪಿರಲಿ. ಮತ್ತೆ ಬೆಸುಗೆಗೆ ಕೂರುವ ಮುಂಚೆ ಬ್ಯಾಟರಿ ಕಿತ್ತಿಡಿ.

ಅನೇಕರಿಗೆ ಇಷ್ಟೇ ಸಾಕಾಗುತ್ತದೆ. ದನಿ ಇನ್ನೂ ಬಿಗಿಯಾಗಿದೆ, ಬೆರಳಿನ ಒತ್ತಡಕ್ಕೆ ಸ್ಪಂದಿಸುತ್ತಿಲ್ಲ ಎನಿಸಿದರೆ ಡಿ4 ತೆಗೆದು ಎಲ್‌ಇಡಿ ಹಾಕಿ. ಪಟ್ಟಿಯಿದ್ದ ಕಡೆಗೆ ಎಲ್‌ಇಡಿಯ ಗಿಡ್ಡ ಕಾಲು ಬರಬೇಕು. ತಿರುಗುಮುರುಗಾದರೆ ಎರಡೂ ಒಂದೇ ದಿಕ್ಕಿಗೆ ನಿಂತು, ಅಲೆಯ ಒಂದು ಮಗ್ಗುಲು ಡಯೋಡಿಗೆ ಸಿಕ್ಕುವುದೇ ಇಲ್ಲ. ಕೆಂಪು ಎಲ್‌ಇಡಿ ಕತ್ತರಿಸುವುದು 1.7 ವೋಲ್ಟಿನ ಸುಮಾರಿಗೆ. ಅಲೆಯ ಎರಡು ಮಗ್ಗುಲು ಬೇರೆ ಬೇರೆ ಎತ್ತರದಲ್ಲಿ ಕತ್ತರಿಸಿಹೋಗುವುದರಿಂದ ಸಮಸಂಖ್ಯೆಯ ಹಾರ್ಮೋನಿಕ್‌ಗಳೂ ಬೆರೆತು ನಾದ ತುಸು ದುಂಡಗಾಗುತ್ತದೆ. ಕೆಲವರು ಎರಡೂ ಕಡೆ ಎಲ್‌ಇಡಿ ಹಾಕುತ್ತಾರೆ. ಆಗ ಪೆಡಲಿನ ಗಂಟಲು ಇನ್ನೂ ದೊಡ್ಡದಾಗುತ್ತದೆ, ವೇದಿಕೆಗೆ ಚೆನ್ನ, ಫ್ಲ್ಯಾಟಿಗಲ್ಲ. ಒಂದೇ ಹಾಕಿದರೂ ಲೆವೆಲ್ ನಾಬನ್ನು ಪೂರ್ತಿ ಇಳಿಸಿಯೇ ಮೊದಲ ತಂತಿ ಮೀಟಿ.

ಸದ್ದೇ ಬಾರದಿದ್ದರೆ ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಅಕ್ಕಪಕ್ಕದ ಬೆಸುಗೆಗಳು ತಾಗಿಕೊಂಡಿವೆಯೇ ಎಂದು ಮುಟ್ಟಿ ನೋಡಿ. ಹೊಳಪಿಲ್ಲದೆ ಗಂಟುಗಟ್ಟಿದ ಬೆಸುಗೆ ಕಂಡರೆ ಮತ್ತೊಮ್ಮೆ ಕಾಯಿಸಿ.

ಡಿಎಸ್-1ರ ಟೋನ್ ನಾಬಿನ ಸರ್ಕ್ಯೂಟ್ 500 ಹರ್ಟ್ಸ್ ಸುತ್ತಮುತ್ತ ಒಂದು ತಗ್ಗು ಮಾಡಿಬಿಡುತ್ತದೆ. ಮೇಲೆ ಹೇಳಿದ ಯಾವುದರಿಂದಲೂ ಅದು ತುಂಬುವುದಿಲ್ಲ. ನಿಮ್ಮ ದೂರು ಕೀರಲಿಗಿಂತ ಈ ಟೊಳ್ಳಿನ ಮೇಲೇ ಇದ್ದರೆ ಆಂಪ್ಲಿಫೈಯರಿನ ಮಿಡ್ ಏರಿಸಿ ನೋಡಿ. ಸಾಲದಿದ್ದರೆ ಮಧ್ಯದ ಸ್ವರಗಳನ್ನು ಎತ್ತುವ ಸ್ವಿಚ್ಚನ್ನೇ ಇಟ್ಟು ಬಾಸ್ 2022ರಲ್ಲಿ ತಂದ ಡಿಎಸ್-1ಡಬ್ಲ್ಯೂ ಇದೆ. ಕಿತ್ತ ಡಯೋಡನ್ನೂ ಕೆಪಾಸಿಟರನ್ನೂ ಪುಟ್ಟ ಲಕೋಟೆಯಲ್ಲಿ ಹಾಕಿ ಪೆಡಲಿನ ಪೆಟ್ಟಿಗೆಯಲ್ಲೇ ಇಟ್ಟಿರಿ. ಒಮಾನ್ ಬಿಟ್ಟು ಹೊರಡುವಾಗ ಮಾರಬೇಕಾಗಿ ಬಂದರೆ, ತಿದ್ದದ ಪೆಡಲೇ ಬೇಕೆನ್ನುವ ಗಿರಾಕಿ ಬಂದಾನು.