ಹಾಲೂಡಿಸುವ ತಾಯಿಗೆ ದಿನಕ್ಕೆಷ್ಟು ಕ್ಯಾಲೊರಿ? ಮನೆಯಲ್ಲೇ ಲೆಕ್ಕ ಹಾಕುವ ಬಗೆ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಬೆಳಕು ಹರಿಯುವ ಮೊದಲೇ ಜೀಪುಗಳು ಹೊರಡುತ್ತವೆ. ಕಂಬಂಮೆಟ್ಟು, ಕುಮಳಿ, ಬೋಡಿಮೆಟ್ಟಿನ ತಿರುವುಗಳನ್ನು ಹತ್ತಿ ಹೆಂಗಸರನ್ನು ಕೇರಳದ ಏಲಕ್ಕಿ ತೋಟಗಳಿಗೆ ಮುಟ್ಟಿಸಿ, ಸಂಜೆ ಮರಳಿ ಕರೆತರುತ್ತವೆ. ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಕೂಲಿಗೆ ಹೋಗುವ ತಾಯಂದಿರಿಗೂ, ತಲೆಮಾರುಗಳಿಂದ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡಿರುವ ಇಲ್ಲಿನ ಕಾಪಿಲಿಯರ, ಅನುಪ್ಪರ ಮನೆಗಳ ಬಾಣಂತಿಯರಿಗೂ ಸಿಗುವ ಬುದ್ಧಿಮಾತು ಒಂದೇ: ‘ಚೆನ್ನಾಗಿ ಉಣ್ಣು’. ಎಷ್ಟು ಉಂಡರೆ ಚೆನ್ನ ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಒಂದು ತೂಕದ ಯಂತ್ರ, ಒಂದು ಪೆನ್ನು ಇದ್ದರೆ ಈ ಲೆಕ್ಕ ಹತ್ತು ನಿಮಿಷದ ಕೆಲಸ.

ಮೊದಲು ತೂಕ. ಹೆರಿಗೆಯಾದ ಕೂಡಲೇ ಮೈಯಲ್ಲಿ ನೀರು, ಊತ ಇರುತ್ತದೆ. ಕೆಲವು ವಾರ ಕಳೆದ ಮೇಲೆ ಅಂಗನವಾಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತೂಗಿಸಿಕೊಳ್ಳಿ. ಎತ್ತರವನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ದುಡಿಮೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯಲ್ಲಿ 55 ಕಿಲೋ ತೂಕದ ಹೆಂಗಸಿಗೆ ಮೂರು ಅಂಕಿಗಳಿವೆ: ಕೂತು ಮಾಡುವ ಕೆಲಸಕ್ಕೆ 1660, ಮಧ್ಯಮ ಶ್ರಮಕ್ಕೆ 2130, ಕಠಿಣ ಶ್ರಮಕ್ಕೆ 2720 ಕಿಲೋಕ್ಯಾಲೊರಿ. (ಮಾತಿನಲ್ಲಿ ನಾವು ಕ್ಯಾಲೊರಿ ಎನ್ನುವುದು ಇದನ್ನೇ.) ನಿಮ್ಮ ತೂಕಕ್ಕೆ ಹೊಂದಿಸಲು ಕಿಲೋಗೆ 30, 39 ಅಥವಾ 49ರಿಂದ ಗುಣಿಸಿದರೆ ಸಾಕು. ಬಾಣಂತನದಲ್ಲಿ ಮನೆಯೊಳಗೇ ಇದ್ದರೆ, ಅಂಗಡಿಯಲ್ಲಿ ಕೂತು ಬಿಲ್ ಬರೆಯುತ್ತಿದ್ದರೆ 30. ಹೊಲಗದ್ದೆಯ ಕೂಲಿ, ಏಲಕ್ಕಿ ಬಿಡಿಸುವುದು, ದ್ರಾಕ್ಷಿ ಚಪ್ಪರದ ಕೆಲಸ, ಚಿನ್ನಾಳಪಟ್ಟಿಯ ಮಗ್ಗ, ದಿಂಡಿಗಲ್ ಸುತ್ತಿನ ನೂಲಿನ ಗಿರಣಿಗಳಲ್ಲಿ ಪಾಳಿಯುದ್ದಕ್ಕೂ ನಿಂತು ಓಡಾಡುವುದು ಎಲ್ಲಕ್ಕೂ 39. ಕಲ್ಲು ಒಡೆಯುವಂಥ ಕೆಲಸಕ್ಕೆ ಮಾತ್ರ 49.

ಮೂರನೆಯದು ಹಾಲಿನ ಪಾಲು. ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಕೊಡುವ ತಾಯಿ ದಿನಕ್ಕೆ ಮುಕ್ಕಾಲು ಲೀಟರಿನ ಆಸುಪಾಸು ಹಾಲು ಕೊಡುತ್ತಾಳೆ. ಅದಕ್ಕಾಗಿ ಐಸಿಎಂಆರ್ ಸೇರಿಸುವುದು 600 ಕ್ಯಾಲೊರಿ. ಆರರಿಂದ ಹನ್ನೆರಡು ತಿಂಗಳಿಗೆ 520. ಅರ್ಧ ಹಾಲು ಡಬ್ಬಿಯದಾಗಿದ್ದರೆ ಅರ್ಧ ಸೇರಿಸಿ. ಅವಳಿ ಮಕ್ಕಳಿಗೆ ಪೂರ್ತಿ ಎದೆಹಾಲು ಕೊಡುವವರಿಗೆ ಸುಮಾರು ಎರಡರಷ್ಟು ಬೇಕು.

ಒಂದು ಉದಾಹರಣೆ ನೋಡೋಣ. ತೂಕ 48 ಕಿಲೋ, ಕೂಸಿಗೆ ನಾಲ್ಕು ತಿಂಗಳು, ಎದೆಹಾಲು ಮಾತ್ರ. ತಾಯಿ ಮನೆಯಲ್ಲೇ ಇದ್ದರೆ 48ನ್ನು 30ರಿಂದ ಗುಣಿಸಿ 1440, ಹಾಲಿಗೆ 600, ಒಟ್ಟು 2040. ಅವಳೇ ತೋಟದ ಕೂಲಿಗೆ ಹೊರಟ ದಿನ 1870 ಮತ್ತು 600, ಒಟ್ಟು 2470. ನಡುವಿನ 430 ಕ್ಯಾಲೊರಿ ಹಾಲಿನ ಪಾಲಿನ ಮುಕ್ಕಾಲಿನ ಹತ್ತಿರ! ಬಾಣಂತನ ಮುಗಿಯಿತೆಂದು ಕೆಲಸಕ್ಕೆ ಮರಳುವ ದಿನವೇ ವಿಶೇಷ ಊಟ ನಿಲ್ಲಿಸುವ ಮನೆಗಳಿವೆ. ಊಟ ಹೆಚ್ಚಾಗಬೇಕಾದದ್ದು ಅಂದಿನಿಂದಲೇ. ಕಡಿಮೆ ಉಂಡರೂ ಹಾಲು ಬೇಗನೆ ಬತ್ತುವುದಿಲ್ಲ, ಆದ್ದರಿಂದ ಮನೆಯವರ ಕಣ್ಣಿಗೆ ಕೊರತೆ ಬೀಳುವುದಿಲ್ಲ. ತಾಯಿಯ ಮೈ ತನ್ನನ್ನೇ ಕರಗಿಸಿಕೊಂಡು ಕೂಸಿಗೆ ಕೊಡುತ್ತಿರುತ್ತದೆ.

ಈಗ ಎತ್ತರ. ಮೀಟರಿನಲ್ಲಿ ಎತ್ತರವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 18.5ರಿಂದ ಗುಣಿಸಿ; ಆ ಎತ್ತರಕ್ಕೆ ಇರಬೇಕಾದ ಕನಿಷ್ಠ ತೂಕ ಅದು. ಒಂದೂವರೆ ಮೀಟರ್ ಎತ್ತರಕ್ಕೆ 41.6 ಕಿಲೋ ಬರುತ್ತದೆ. ತೂಕ ಅದಕ್ಕಿಂತ ಕೆಳಗಿದ್ದರೆ ಮೈಯಲ್ಲಿ ಕರಗಿಸಲು ಕೊಬ್ಬಿಲ್ಲ ಎಂದರ್ಥ. ಅಂಥವರು ಈಗಿನ ತೂಕದ ಬದಲು ಇರಬೇಕಾದ ತೂಕ, ಅಂದರೆ ಒಂದೂವರೆ ಮೀಟರ್ ಎತ್ತರಕ್ಕೆ ಸುಮಾರು 45 ಕಿಲೋ ಹಿಡಿದು, ಹಾಲಿಗೆ 600ರ ಬದಲು 675 ಸೇರಿಸಬೇಕು. ಈ 675 ಎಂಬುದು 2004ರಲ್ಲಿ ಬಂದ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಾದ ಎಫ್‌ಎಒ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಅಂಕಿ. ಮೈ ತುಂಬಿಕೊಂಡಿರುವವರು ಹಾಲಿನ ಪಾಲನ್ನು ಸ್ವಲ್ಪ ಇಳಿಸಬಹುದು, ಆದರೆ ಒಟ್ಟು 1800ರ ಕೆಳಗೆ ಹೋಗದಿರುವುದು ಕ್ಷೇಮ. ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿಯುವ ಅವಸರ ಬೇಡ.

ಇನ್ನು ಅಂಕಿಯನ್ನು ತಟ್ಟೆಗೆ ತರಬೇಕು. ಇಲ್ಲಿನ ಬಾಣಂತಿಯರಿಗೆ ಮಾಡಿಕೊಡುವ ಉದ್ದಿನ ಕಳಿಯನ್ನೇ ತೆಗೆದುಕೊಳ್ಳಿ. ಐವತ್ತು ಗ್ರಾಂ ಉದ್ದಿನಬೇಳೆ, ಹತ್ತು ಗ್ರಾಂ ಅಕ್ಕಿ ಹುರಿದು ಹಿಟ್ಟು ಮಾಡಿ, ನಲವತ್ತು ಗ್ರಾಂ ಬೆಲ್ಲದ ಪಾಕದಲ್ಲಿ ಗಂಟಾಗದಂತೆ ತಿರುವುತ್ತಾ, ಕೊನೆಗೆ ಒಂದು ದೊಡ್ಡ ಚಮಚ ಎಳ್ಳೆಣ್ಣೆ ಬಿಟ್ಟು ಉಂಡೆ ಕಟ್ಟಿದರೆ ಸುಮಾರು 475 ಕ್ಯಾಲೊರಿ. ಜೊತೆಗೊಂದು ಮೊಟ್ಟೆ, ಒಂದು ಸಿರುಮಲೈ ಬಾಳೆಹಣ್ಣು ಇದ್ದರೆ ಹಾಲಿನ ಪಾಲು ಅಲ್ಲಿಗೆ ತುಂಬುತ್ತದೆ. ಬೆಟ್ಟಕ್ಕೆ ಬುತ್ತಿ ಒಯ್ಯುವವರಿಗೆ ಹುರಿದ ಕಡಲೆಕಾಯಿ ಬೀಜ ಅನುಕೂಲ: ಒಂದು ಹಿಡಿ, ಅಂದರೆ 30 ಗ್ರಾಂ, 150ಕ್ಕೂ ಹೆಚ್ಚು ಕೊಡುತ್ತದೆ. 60 ಗ್ರಾಂ ರಾಗಿಯ ಅಂಬಲಿಗೆ 190, ಸುಣ್ಣದಂಶ ಬೇರೆ. ಕಂಬಂ ಪನ್ನೀರ್ ದ್ರಾಕ್ಷಿ ವರ್ಷವಿಡೀ ಸಿಗುತ್ತದೆ, ರುಚಿಗೆ ತಿನ್ನಿ, ಆದರೆ ನೂರು ಗ್ರಾಂನಲ್ಲಿ 65ರಷ್ಟೇ ಇರುವುದರಿಂದ ಅದು ಊಟಕ್ಕೆ ಸಾಟಿಯಲ್ಲ.

ಅಂಗನವಾಡಿಯಲ್ಲಿ ಆರು ತಿಂಗಳವರೆಗೆ ಬಾಣಂತಿಯರಿಗೆ ಕೊಡುವ ಸತ್ತುಮಾವು ಎಂಬ ಪೌಷ್ಟಿಕ ಹಿಟ್ಟು ದಿನಕ್ಕೆ 600 ಕ್ಯಾಲೊರಿ, 18ರಿಂದ 20 ಗ್ರಾಂ ಪ್ರೋಟೀನ್ ಸಿಗಲೆಂದು ಇಟ್ಟ ನಿಯಮದಂತೆ ಬರುತ್ತದೆ. ಹಾಲಿನ ಲೆಕ್ಕಕ್ಕೆ ಅದು ಸರಿಯಾಗಿ ಹೊಂದುತ್ತದೆ. ಮನೆಮಂದಿಗೆಲ್ಲ ಹಂಚಿದರೆ ತಾಯಿಗೆ ಉಳಿಯುವುದು ಒಂದು ಚಮಚ. ಅತ್ತೆಯವರು ಇದನ್ನು ಗಮನಿಸಲೇಬೇಕು. ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆಂದು ಬಾಣಂತಿಗೆ ನೀರು ಕಡಿಮೆ ಕೊಡುವುದನ್ನೂ ಬಿಡಬೇಕು. ಬಾಯಾರಿದಾಗಲೆಲ್ಲ ಕುಡಿಯಲಿ.

ಲೆಕ್ಕ ಸರಿಯೇ ಎಂದು ನೋಡುವುದು ಹೇಗೆ? ತಿಂಗಳಿಗೊಮ್ಮೆ ತಾಯಿ, ಮಗು ಇಬ್ಬರನ್ನೂ ತೂಗಿಸಿ. ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಾ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ತಾಯಿ ಎರಡು ತಿಂಗಳು ಬಿಡದೆ ಇಳಿಯುತ್ತಾ, ಸುಸ್ತು, ತಲೆಸುತ್ತು ಎನ್ನುತ್ತಿದ್ದರೆ 200 ಕ್ಯಾಲೊರಿ ಏರಿಸಿ, ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿ. ಹೆರಿಗೆಯಾದ ಮೇಲೆ 180 ದಿನ ಕೊಡುವ ಕಬ್ಬಿಣದ ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇರುವವರು ವೈದ್ಯರನ್ನು ಕೇಳಿಯೇ ಅಂಕಿ ಗೊತ್ತುಮಾಡಿಕೊಳ್ಳಬೇಕು; ಬೆಲ್ಲದ ಕಳಿ ಅವರಿಗೆ ಹೊಂದದು. ಕೂಸಿಗೆ ಆರು ತಿಂಗಳು ತುಂಬಿ ಮೇಲಿನ ಆಹಾರ ಶುರುವಾದಾಗ, ಅಥವಾ ತಾಯಿಯ ಕೆಲಸ ಬದಲಾದಾಗ, ಹೊಸ ತೂಕ ಹಿಡಿದು ಇದೇ ಲೆಕ್ಕವನ್ನು ಮತ್ತೆ ಹಾಕಿ.