ನೀರು ಬಿಟ್ಟಾಗ ಕೊಡ ತುಂಬಿಸಿಕೊ

ಮಗಳೇ,

ಹವಾನಾಕ್ಕೆ ಟಿಕೆಟ್ ಆಯಿತು ಎಂದು ಫೋನಿನಲ್ಲಿ ಕೂಗಿ ಹೇಳಿದೆಯಲ್ಲ, ಆ ಸಂಭ್ರಮ ಇನ್ನೂ ಕಿವಿಯಲ್ಲಿದೆ. "ಅಲ್ಲಿ ನೆಟ್ಟಿಗೆ ಏನು ಮಾಡ್ತೀ?" ಎಂದು ಕೇಳಿದ್ದಕ್ಕೆ, "ಇಳಿದ ಮೇಲೆ ನೋಡ್ಕೊಂಡ್ರಾಯ್ತು ದೊಡ್ಡಮ್ಮ" ಎಂದೆ. ಆ ಮಾತೊಂದು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಬೇರೆ ದೇಶಕ್ಕಾದರೆ ಹಾಗೇ ಹೋಗು, ಕ್ಯೂಬಾಕ್ಕೆ ಬೇಡ. 2016ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಆ ನಾಡಿನಲ್ಲಿ ಓಡಾಡಿ ಬಂದವಳು ನಾನು. ಕಲಿತದ್ದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಧಾರವಾಡದ ಮನೆಯಲ್ಲಿ ವಾರಕ್ಕೊಮ್ಮೆ ನೀರು ಬರುತ್ತಿದ್ದುದು ನಿನಗೆ ನೆನಪಿರಬೇಕು. ನಲ್ಲಿ ಗೊರಗೊರ ಎನ್ನುತ್ತಲೇ ಅಜ್ಜಿ ಏಳುತ್ತಿದ್ದಳು. ಮೊದಲು ಕುಡಿಯುವ ನೀರಿನ ತಾಮ್ರದ ಕೊಡ, ಆಮೇಲೆ ಅಡುಗೆಯ ಪಾತ್ರೆ, ಆಮೇಲೆ ಹಂಡೆ, ಕೊನೆಗೆ ಉಳಿದರೆ ಮಲ್ಲಿಗೆ ಬಳ್ಳಿಗೆ. ಆ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ಕ್ಯೂಬಾದಲ್ಲಿ ನೆಟ್ ಎಂದರೆ ಆ ನೀರು. ಬರುತ್ತದೆ, ಆದರೆ ನೀನು ಬೇಕೆಂದಾಗ ಅಲ್ಲ. ಅಜ್ಜಿಯ ಕ್ರಮ ನಿನಗೆ ಬಂದರೆ ಸಾಕು, ಅಲ್ಲಿ ಎಲ್ಲೂ ಪರದಾಡುವುದಿಲ್ಲ.

ಯಾಕೆ ಹೀಗೆ ಎಂಬುದನ್ನು ಮೊದಲು ತಿಳಿದುಕೊ. ಕಾರಣ ಗೊತ್ತಿದ್ದವರಿಗೆ ಸಿಟ್ಟು ಕಡಿಮೆ. ಅಮೆರಿಕದ ಫ್ಲಾರಿಡಾದ ತುದಿ ಕ್ಯೂಬಾದ ದಂಡೆಯಿಂದ 150 ಕಿಲೋಮೀಟರಿನಷ್ಟು ದೂರ. ಆದರೆ 1962ರಿಂದ ನಡೆದುಬಂದ ಅಮೆರಿಕದ ವ್ಯಾಪಾರ ನಿರ್ಬಂಧದಿಂದಾಗಿ ಅಷ್ಟು ಹತ್ತಿರದಿಂದ ಇಂಟರ್ನೆಟ್ ಕೇಬಲ್ ಬರಲಿಲ್ಲ. ಬಂದದ್ದು ವೆನೆಜುವೆಲಾದಿಂದ, ಸಮುದ್ರದಡಿಯಲ್ಲಿ ಸುಮಾರು 1600 ಕಿಲೋಮೀಟರ್ ಹಾದು. 2011ರಲ್ಲಿ ದಡ ಮುಟ್ಟಿದ ಆ ಕೇಬಲ್ ಕೆಲಸ ಶುರುಮಾಡಿದ್ದು 2013ರಲ್ಲಿ. ಅಲ್ಲಿಯವರೆಗೆ ಇಡೀ ದ್ವೀಪ ಉಪಗ್ರಹದ ಸಣ್ಣ ಧಾರೆಯ ಮೇಲೆ ಬದುಕಿತ್ತು. ಹೊರಗಿನ ನಿರ್ಬಂಧ ಒಂದು ಕಡೆಯಾದರೆ ಒಳಗಿನ ಹಿಡಿತ ಇನ್ನೊಂದು ಕಡೆ. ದೇಶಕ್ಕೆಲ್ಲ ಇರುವುದು ಎಟೆಕ್ಸಾ ಎಂಬ ಒಂದೇ ಸರ್ಕಾರಿ ಕಂಪನಿ. ದರ ಅದು ಹೇಳಿದಷ್ಟು, ಬಾಗಿಲು ಅದು ತೆರೆದಷ್ಟು. 2021ರ ಜುಲೈ 11ರಂದು ಜನ ಬೀದಿಗಿಳಿದಾಗ ನೆಟ್ ನಿಂತುಹೋಯಿತು ಎಂಬುದನ್ನೂ ಮರೆಯಬೇಡ.

2015ರ ಜುಲೈಯಲ್ಲಿ ದೇಶದ 35 ಕಡೆ, ಉದ್ಯಾನಗಳಲ್ಲೂ ಬೀದಿಗಳಲ್ಲೂ, ಸಾರ್ವಜನಿಕ ವೈಫೈ ಬಂತು. ಗಂಟೆಗೆ 2 ಡಾಲರಿನಷ್ಟು ದರ, ಸರ್ಕಾರಿ ನೌಕರನ ತಿಂಗಳ ಸಂಬಳ ಸುಮಾರು 30 ಡಾಲರ್. ಮರುವರ್ಷ ನಾನು ಹೋದಾಗ ಹವಾನಾದ ಲಾ ರಾಂಪಾ ಬೀದಿಯಲ್ಲಿ ಸಂಜೆಯಾದರೆ ಸಾಕು, ಕಟ್ಟೆ, ಮೆಟ್ಟಿಲು, ಪಾದಚಾರಿ ದಾರಿಯ ತುಂಬ ಜನ. ಮಯಾಮಿಯಲ್ಲಿರುವ ಮಗನಿಗೆ ಇಲ್ಲಿಂದ ತಾಯಿ ಮೊಮ್ಮಗುವಿನ ಮುಖ ತೋರಿಸುತ್ತಿದ್ದಳು. ಪಕ್ಕದಲ್ಲಿ ಅಪರಿಚಿತರು ಕೂತು ಅದೇ ಮಗುವಿಗೆ ಟಾಟಾ ಮಾಡುತ್ತಿದ್ದರು. ಗುಟ್ಟಿನ ಮಾತಿಗೂ ಅಲ್ಲಿ ಗೋಡೆಯಿರಲಿಲ್ಲ.

2018ರ ಡಿಸೆಂಬರಿನಲ್ಲಿ ಮೊಬೈಲಿಗೆ 3ಜಿ ಬಂದ ಮೇಲೆ ಆ ದೃಶ್ಯ ಕರಗಿದೆ. ಈಗ ವಿಮಾನ ನಿಲ್ದಾಣದಲ್ಲೇ ಪ್ರವಾಸಿಗರಿಗೆಂದು 30 ದಿನದ, ಎಟೆಕ್ಸಾದ್ದೇ ಆದ ಕುಬಾಸೆಲ್ ಸಿಮ್ ಸಿಗುತ್ತದೆ. ಮೊದಲೇ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ, ರಸೀದಿ ಮುದ್ರಿಸಿಕೊಂಡು ಹೋಗು. ಜೊತೆಗೆ ಸಾರ್ವಜನಿಕ ವೈಫೈಗೆ ಬೇಕಾಗುವ ಒಂದೆರಡು ನಾವ್ತಾ ಕಾರ್ಡನ್ನೂ ಇಟ್ಟುಕೊ. ಕೆರೆದರೆ 12 ಅಂಕಿಯ ಹೆಸರು, 12 ಅಂಕಿಯ ಗುಪ್ತಪದ ಕಾಣುತ್ತದೆ. ಮೊಬೈಲ್ ಸಿಗ್ನಲ್ ಕೈಕೊಟ್ಟ ಊರಲ್ಲಿ ಚೌಕದ ವೈಫೈ ಕೈಹಿಡಿಯುತ್ತದೆ. ಒಂದು ಎಚ್ಚರ: ಕೆಲಸ ಮುಗಿದೊಡನೆ ಬ್ರೌಸರಿನಲ್ಲಿ ಲಾಗ್‌ಔಟ್ ಮಾಡು. ಫೋನ್ ಜೇಬಿಗೆ ಹಾಕಿದರೆ ಗಂಟೆ ನಿಲ್ಲುವುದಿಲ್ಲ. ಮೊದಲ ಸಲ ನನ್ನ ಎರಡು ಕಾರ್ಡು ಹಾಗೇ ಸೋರಿಹೋದವು.

ಎಟೆಕ್ಸಾ ಕಚೇರಿಗೆ ಹೋದರೆ ಸಾಲು ಕಾಣದೆ ಗಲಿಬಿಲಿಯಾಗಬೇಡ. ಜನ ನೆರಳು ಹುಡುಕಿ ಅಲ್ಲಿಲ್ಲಿ ಕೂತಿರುತ್ತಾರೆ. "ಎಲ್ ಉಲ್ತಿಮೊ?" ಎಂದು ಗಟ್ಟಿಯಾಗಿ ಕೇಳು. ಕೊನೆಯವರು ಯಾರು ಎಂದು ಅರ್ಥ. ಒಬ್ಬರು ಕೈ ಎತ್ತುತ್ತಾರೆ. ಅವರ ಮುಖ ನೆನಪಿಟ್ಟುಕೊ, ಅವರ ನಂತರ ನಿನ್ನ ಸರದಿ. ನಿನ್ನ ನಂತರ ಬಂದವರು ಕೇಳಿದಾಗ ನೀನು ಕೈ ಎತ್ತು. ಅಷ್ಟು ಮಾಡಿದರೆ ನೀನು ಆ ಊರಿನ ಶಿಸ್ತಿನೊಳಗೆ ಸೇರಿದಂತೆ. ಪಾಸ್‌ಪೋರ್ಟ್ ಕೈಯಲ್ಲಿರಲಿ, ಕೇಳುತ್ತಾರೆ.

ಇನ್ನು ಇಲ್ಲಿಂದಲೇ ತುಂಬಿಸಿಕೊಂಡು ಹೋಗಬೇಕಾದ ಕೊಡಗಳು. ಇದು ಎಲ್ಲಕ್ಕಿಂತ ಮುಖ್ಯ, ನಿಧಾನವಾಗಿ ಓದು.

ನಕ್ಷೆ ಮೊದಲನೆಯದು. ಮ್ಯಾಪ್ಸ್.ಮಿ ಅಥವಾ ಓಸ್ಮ್‌ಆ್ಯಂಡ್ ಹಾಕಿಕೊಂಡು ಇಡೀ ಕ್ಯೂಬಾದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊ. ಜಿಪಿಎಸ್‌ಗೆ ನೆಟ್ ಬೇಡ. ಉಪಗ್ರಹದ ಸಂಕೇತ ಆಕಾಶದಿಂದ ನೇರವಾಗಿ ಫೋನಿಗೆ ಬರುತ್ತದೆ. ನೀನು ಉಳಿಯುವ ಪ್ರತಿ ಮನೆಗೂ ನಕ್ಷೆಯಲ್ಲಿ ಗುರುತು ಹಾಕಿಡು. ಸ್ಪ್ಯಾನಿಷ್ ಅನುವಾದದ ಭಾಷಾ ಪೊಟ್ಟಣವೂ ಆಫ್‌ಲೈನ್ ಆಗಿರಲಿ.

ಎರಡನೆಯದು ಕಾಗದ. ಕ್ಯೂಬಾ ಪ್ರವೇಶಕ್ಕೆ ದಿ'ವಿಯಾಹೆರೋಸ್ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು, ಅದರ ಕ್ಯೂಆರ್ ಸಂಕೇತ ವಿಮಾನ ಹತ್ತುವಾಗಲೇ ಬೇಕಾಗುತ್ತದೆ. ಅದು, ವೀಸಾ, ಟಿಕೆಟ್, ವಿಮೆ, ಮನೆ ವಿಳಾಸಗಳು, ಹವಾನಾದ ಭಾರತೀಯ ರಾಯಭಾರ ಕಚೇರಿಯ ನಂಬರು, ಎಲ್ಲವೂ ಮುದ್ರಿಸಿದ ಹಾಳೆಯಲ್ಲಿ. "ಮೇಲ್‌ನಲ್ಲಿದೆ" ಎಂಬ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ.

ಮೂರನೆಯದು ದುಡ್ಡು. ಯುಪಿಐ ಮರೆತುಬಿಡು. ಕಾರ್ಡಿನ ಮೇಲೂ ಪೂರ್ತಿ ಭಾರ ಹಾಕಬೇಡ, ಯೂರೋ ನೋಟುಗಳನ್ನು ಒಯ್ಯಿ. ಒಟಿಪಿ ಎಂಬುದು ನಮ್ಮ ಸಿಮ್ಮಿಗೆ ಬರುವ ಸಂದೇಶ, ಅಲ್ಲಿ ಅದು ಬರುತ್ತದೆಂದು ನಂಬಿ ಕೂರಬೇಡ. ಬಾಡಿಗೆ, ಕಂತು, ವಿದ್ಯುತ್ ಬಿಲ್ಲು, ಹಿಂದಿರುಗುವ ವಿಮಾನದ ಸೀಟು, ಒಟಿಪಿ ಬೇಡುವ ಎಲ್ಲವನ್ನೂ ಹೊರಡುವ ಮೊದಲೇ ಮುಗಿಸು.

ನಾಲ್ಕನೆಯದು ಆ್ಯಪ್‌ಗಳು. ನಿರ್ಬಂಧದ ಕಾರಣಕ್ಕೆ ಅಮೆರಿಕದ ಕೆಲವು ಸೇವೆಗಳು ಕ್ಯೂಬಾದೊಳಗಿಂದ ಬಳಸುವವರಿಗೆ ಬಾಗಿಲು ಮುಚ್ಚುತ್ತವೆ. ಪೇಪಾಲ್, ಜೂಮ್ ಅಂಥವು ತೆರೆಯದಿದ್ದರೆ ಫೋನ್ ಕೆಟ್ಟಿತೆಂದು ಹೆದರಬೇಡ. ನಿನ್ನ ಆಫೀಸಿನ ಕೆಲಸಕ್ಕೆ ಬೇಕಾದ ವಿಪಿಎನ್ ಇದ್ದರೆ ಇಲ್ಲೇ ಹಾಕಿ, ಪರೀಕ್ಷಿಸಿ ಹೊರಡು. ಆದರೂ ಅಲ್ಲಿಂದ ಕೆಲಸ ಮಾಡುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡ. ರಜೆ ಹಾಕು.

ಐದನೆಯದು ಕರೆಂಟ್. 2024ರ ಅಕ್ಟೋಬರ್ 18ರಂದು ಮತಾನ್ಸಾಸ್‌ನ ಆಂತೋನಿಯೊ ಗಿತೇರಾಸ್ ವಿದ್ಯುತ್ ಸ್ಥಾವರ ನಿಂತು ಇಡೀ ದ್ವೀಪ ಕತ್ತಲಾಯಿತು. ಆಮೇಲೂ ಹಾಗೆ ಪೂರ್ತಿ ಕತ್ತಲಾದ ದಿನಗಳು ಬಂದಿವೆ, ದಿನನಿತ್ಯದ ಕಡಿತವಂತೂ ಇದ್ದೇ ಇದೆ. ಕರೆಂಟ್ ಹೋದ ಕೆಲವು ಗಂಟೆಗೆ ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾಗುತ್ತದೆ, ನಿನ್ನ ಫೋನ್ ತುಂಬಿದ್ದರೂ ಸಿಗ್ನಲ್ ಇರುವುದಿಲ್ಲ. 20,000 ಎಂಎಎಚ್‌ನ ಪವರ್ ಬ್ಯಾಂಕ್ ಒಂದು, ಸಣ್ಣ ಟಾರ್ಚ್ ಒಂದು ಇರಲಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಹೋಗಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಬೇಡ. ಅಲ್ಲಿನ ಪ್ಲಗ್ಗಿಗೆ ಅಮೆರಿಕದಂತೆ ಚಪ್ಪಟೆ ಕಡ್ಡಿ, ವೋಲ್ಟೇಜ್ ಹೆಚ್ಚಿನ ಕಡೆ 110. ಅಡಾಪ್ಟರ್ ಮರೆಯಬೇಡ.

ಜಾಣತನ ಮಾಡಲು ಹೋಗಿ ಉಪಗ್ರಹ ಫೋನು, ಉಪಗ್ರಹ ಇಂಟರ್ನೆಟ್ಟಿನ ಪೆಟ್ಟಿಗೆ, ಡ್ರೋನ್ ಒಯ್ಯಬೇಡ. ಅನುಮತಿಯಿಲ್ಲದೆ ತಂದರೆ ಸುಂಕದವರು ಹಿಡಿದಿಡುತ್ತಾರೆ. ಅಂಥ ಸಂಪರ್ಕ ಸಾಧನಗಳನ್ನು ಒಳತಂದ ಅಮೆರಿಕದ ಅಲನ್ ಗ್ರಾಸ್ ಎಂಬವರು 2009ರಲ್ಲಿ ಬಂಧನಕ್ಕೊಳಗಾಗಿ, 15 ವರ್ಷದ ಶಿಕ್ಷೆ ಹೊತ್ತು, 2014ರ ಡಿಸೆಂಬರಿನಲ್ಲಿ ಬಿಡುಗಡೆಯಾದರು. ಅದು ದೊಡ್ಡ ರಾಜಕೀಯದ ಕತೆ, ನಿನ್ನಂಥ ಪ್ರವಾಸಿಯದಲ್ಲ. ಆದರೂ ಆ ದೇಶ ಈ ವಿಷಯವನ್ನು ಎಷ್ಟು ಬಿಗಿಯಾಗಿ ನೋಡುತ್ತದೆ ಎಂಬುದು ತಿಳಿದಿರಲಿ.

ಇನ್ನೂ ಒಂದು ಮಾತು, ಇದು ನಿನ್ನ ಸುರಕ್ಷತೆಯದಲ್ಲ, ಅವರದು. ಊಟ ಹಾಕಿದ ಮನೆಯವರು ನಂಬಿಕೆಯಿಂದ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಅದನ್ನು ಅವರ ಫೋಟೊ, ಹೆಸರು, ಊರಿನ ಸಮೇತ ಫೇಸ್‌ಬುಕ್ಕಿಗೆ ಹಾಕಬೇಡ. ನೀನು ಬೆಂಗಳೂರಿಗೆ ಮರಳುತ್ತೀ, ಅವರು ಅಲ್ಲೇ ಬಾಳಬೇಕು. ಅವರ ಹಾಟ್‌ಸ್ಪಾಟನ್ನೂ ಸುಮ್ಮನೆ ಕೇಳಬೇಡ. 2025ರ ಮೇ ಕೊನೆಗೆ ಬಂದ ಹೊಸ ದರದಲ್ಲಿ ತಿಂಗಳಿಗೆ 360 ಪೆಸೊಗೆ 6 ಜಿಬಿ, ಅದು ಮುಗಿದ ಮೇಲೆ ಬರೀ 3 ಜಿಬಿಗೆ 3,360 ಪೆಸೊ. ವಿಶ್ವವಿದ್ಯಾಲಯದ ಹುಡುಗರು ಬಹಿರಂಗವಾಗಿ ಸಿಟ್ಟಾದದ್ದು ಅದಕ್ಕೇ. ನಿನಗೆ ಒಂದು ರೀಲ್ಸ್ ಆದದ್ದು ಅವರಿಗೆ ವಾರದ ನೀರು. ಕೊಟ್ಟರೆ ಅದರ ಬೆಲೆ ತಿಳಿದು ತೆಗೆದುಕೊ, ನಿನ್ನದು ಮಿಕ್ಕರೆ ಅವರಿಗೂ ಹಂಚು.

ಸಂಪರ್ಕ ಸಿಕ್ಕಾಗ ಅಜ್ಜಿಯ ಕ್ರಮ. ಕುಡಿಯುವ ನೀರು ಮೊದಲು: "ಕ್ಷೇಮ, ನಾಳೆ ಇಂಥ ಊರಿಗೆ" ಎಂಬ ಒಂದು ಸಾಲು. ಅಕ್ಷರ ಹೋದಷ್ಟು ಸುಲಭವಾಗಿ ಫೋಟೊ ಹೋಗುವುದಿಲ್ಲ. ಆಮೇಲೆ ಮುಂದಿನ ಮನೆ, ಬಸ್ಸಿನ ಕೆಲಸ. ಫೋಟೊ, ವಿಡಿಯೊ ಎಲ್ಲ ಕೊನೆಗೆ, ಮಲ್ಲಿಗೆ ಬಳ್ಳಿಯ ಪಾಲು. ಹೇಳಬೇಕಾದ್ದನ್ನು ಮೊದಲೇ ಬರೆದಿಟ್ಟುಕೊ, ನಲ್ಲಿ ಕೆಳಗೆ ನಿಂತು ಕೊಡ ತೊಳೆಯಬೇಡ. ಫೋನಿನಲ್ಲಿ ತಾನಾಗಿ ಆಗುವ ಅಪ್‌ಡೇಟ್, ಫೋಟೊ ಬ್ಯಾಕಪ್ ವಿಮಾನದಲ್ಲೇ ಬಂದ್ ಮಾಡು.

ಈ ಕಾಗದ ಬರೆಯಲು ಕೂತದ್ದರ ನಿಜವಾದ ಕಾರಣ ಈಗ ಹೇಳುತ್ತೇನೆ. 2016ರಲ್ಲಿ ಹವಾನಾದಿಂದ ತ್ರಿನಿದಾದ್ ಎಂಬ ಹಳೆಯ ಊರಿಗೆ ಹೋದೆ. ಅಲ್ಲಿಂದ ಬೆಟ್ಟದ ಕಡೆ. ಕಾರ್ಡು ಮುಗಿದಿತ್ತು, ಹೊಸದು ಸಿಗಲಿಲ್ಲ, ನಾಳೆ ಸಿಕ್ಕೀತು ಎಂದುಕೊಂಡೆ. ನಾಲ್ಕು ದಿನ ಹಾಗೇ ಕಳೆಯಿತು. ನಾನು ಬೆಟ್ಟ, ಹೊಳೆ ನೋಡಿಕೊಂಡು ಸುಖವಾಗಿದ್ದೆ. ನಿನ್ನ ಅಜ್ಜ ಮಾತ್ರ ಆ ನಾಲ್ಕು ರಾತ್ರಿ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದರು. ಮಲಗಿದರು ಅನ್ನುವುದು ಬಾಯಿಮಾತು, ನಿದ್ದೆ ಮಾಡಲಿಲ್ಲ. ಐದನೆಯ ದಿನ ನನ್ನ ದನಿ ಕೇಳಿ "ಆಯ್ತು ಮಗಾ, ಊಟ ಮಾಡು" ಎಂದಷ್ಟೇ ಅಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನೆಟ್ ಇಲ್ಲದ್ದು ನನ್ನ ತಪ್ಪಲ್ಲ. ನೆಟ್ ಇರಲಿಕ್ಕಿಲ್ಲ ಎಂದು ಮೊದಲೇ ಹೇಳದೆ ಹೋದದ್ದು ನನ್ನದೇ ತಪ್ಪು.

ಹಾಗಾಗಿ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಳ್ಳೋಣ. ನಿನ್ನ ದಾರಿಯ ಪಟ್ಟಿ, ಯಾವ ದಿನ ಯಾವ ಮನೆ, ಆ ಮನೆಗಳ ಸ್ಥಿರ ದೂರವಾಣಿ, ಒಂದು ಹಾಳೆಯಲ್ಲಿ ಬರೆದು ಅಮ್ಮನಿಗೂ ನನಗೂ ಕೊಡು. ಬುಧವಾರ ಮತ್ತು ಭಾನುವಾರ, ಹವಾನಾದಲ್ಲಿ ಬೆಳಿಗ್ಗೆ 9ಕ್ಕೆ ಪ್ರಯತ್ನಿಸು. ಚಳಿಗಾಲದಲ್ಲಿ ನಮ್ಮಲ್ಲಿ ಆಗ ಸಂಜೆ 7.30, ಅವರು ಗಡಿಯಾರ ಮುಂದೆ ಹಾಕಿದ ತಿಂಗಳುಗಳಲ್ಲಿ 6.30. ದೇವರ ಮುಂದೆ ದೀಪ ಹಚ್ಚಿ ನಾನು ಫೋನಿನ ಹತ್ತಿರವೇ ಕೂತಿರುತ್ತೇನೆ. ಕರೆ ಬಂದರೆ ಸಂತೋಷ. ಬರದಿದ್ದರೆ ಅಲ್ಲಿ ಕರೆಂಟ್ ಹೋಗಿದೆ ಎಂದುಕೊಂಡು, ಊಟ ಮಾಡಿ ಮಲಗುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ