ನೆಲದೇಡಿಯ ಮೂತ್ರದ ಲೆಕ್ಕಾಚಾರ

ಕೋಳಿ ಹಿಕ್ಕೆಯ ಮೇಲೆ ಕಾಣುವ ಬಿಳಿ ಪದಾರ್ಥ ಏನು? ಅದೇ ಕೋಳಿಯ ಮೂತ್ರ. ದನ ಯೂರಿಯಾ ರೂಪದಲ್ಲಿ ನೀರಿನೊಂದಿಗೆ ಬಿಡುವ ಸಾರಜನಕವನ್ನು ಕೋಳಿ ಯೂರಿಕ್ ಆಮ್ಲ ಮಾಡಿ, ಸುಣ್ಣದ ಮುದ್ದೆಯ ಹಾಗೆ ಹಾಕುತ್ತದೆ. ಹಾಗಾದರೆ ಏಡಿ? ಗದ್ದೆಹುಣಿಗೆ ತೂತು ಕೊರೆದು ನೀರು ಖಾಲಿ ಮಾಡುವ ಅದಕ್ಕೆ ನಾನೂ ಬೈದವನೇ. ಉಚ್ಚೆ ಹೊಯ್ಯುವ ಕ್ರಮ ವಿಚಾರಿಸಲು ಹೊರಟದ್ದು ಈಚೆಗೆ. ವಿಷಯ ಸ್ವಾರಸ್ಯವಾಗಿದೆ.

ತಿಂದ ಪ್ರೋಟೀನು ಕರಗಿದಾಗ ಅಮೋನಿಯಾ ಹುಟ್ಟುತ್ತದೆ. ಅದು ವಿಷ, ಮೈಯಲ್ಲಿ ಹೆಚ್ಚು ಹೊತ್ತು ಇರಬಾರದು. ನೀರಿನೇಡಿಗೆ ಚಿಂತೆಯಿಲ್ಲ; ಕಿವಿರಿನ ಮೂಲಕ ಸುತ್ತಲಿನ ನೀರಿಗೆ ಬಿಟ್ಟರಾಯಿತು. ನೆಲದ ಮೇಲಿನದಕ್ಕೆ ಆ ನೀರೆಲ್ಲಿ? ಒಂದು ಗ್ರಾಂ ಸಾರಜನಕವನ್ನು ಅಮೋನಿಯಾ ಆಗಿ ಹೊರಹಾಕಲು ಸುಮಾರು ಅರ್ಧ ಲೀಟರ್ ನೀರು ಬೇಕು. ಯೂರಿಯಾ ಆದರೆ ಸುಮಾರು 50 ಮಿ.ಲೀ., ಯೂರಿಕ್ ಆಮ್ಲಕ್ಕೆ 10 ಮಿ.ಲೀ. ಸಾಕು. ಆದರೆ ಯೂರಿಕ್ ಆಮ್ಲ ತಯಾರಿಸಲು ಮೈಯ ಶಕ್ತಿ ಖರ್ಚಾಗುತ್ತದೆ.

ಹಿಂದೂ ಮಹಾಸಾಗರದಲ್ಲಿ ಜಾವಾದ ದಕ್ಷಿಣಕ್ಕೆ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪವಿದೆ. ಅಲ್ಲಿ ಮೂರು ಜಾತಿಯ ಏಡಿಗಳು ಮೂರು ದಾರಿ ಹಿಡಿದಿವೆ.

ಕೆಂಪು ಏಡಿಯ ಮುಖ್ಯ ಊಟ ತರಗೆಲೆ. ತರಗೆಲೆಯಲ್ಲಿ ಸಾರಜನಕ ಕಡಿಮೆ ಎಂಬುದು ಗೊಬ್ಬರಗುಂಡಿ ಮಾಡಿದ ನಮಗೆಲ್ಲ ಗೊತ್ತು. ಹಾಗಾಗಿ ಹೊರಹಾಕಲಿಕ್ಕೂ ಕಡಿಮೆಯೇ. ಇದರ ಮೂತ್ರ ನೇರ ನೆಲಕ್ಕೆ ಬೀಳುವುದಿಲ್ಲ, ಮೊದಲು ಕಿವಿರಿನ ಗೂಡಿಗೆ ಹರಿಯುತ್ತದೆ. ಅಲ್ಲಿ ಕಿವಿರು ಮೂತ್ರದಲ್ಲಿರುವ ಉಪ್ಪನ್ನು ವಾಪಸು ಹೀರಿಕೊಂಡು, ಅಮೋನಿಯಾವನ್ನು ಅದಕ್ಕೆ ಸೇರಿಸುತ್ತದೆ. ಸಮುದ್ರದ ಬದಲು ತನ್ನ ಮೂತ್ರದಲ್ಲೇ ಕಿವಿರು ತೊಳೆದುಕೊಂಡ ಹಾಗೆ!

ಇನ್ನೊಂದು ಜಾತಿ ಜಿಯೊಗ್ರಾಪ್ಸಸ್ ಗ್ರೇಯಿ. ಇದು ಮಾಂಸಾಹಾರಿ, ಆದ್ದರಿಂದ ಸಾರಜನಕ ಜಾಸ್ತಿ. ಅಮೋನಿಯಂ ಸಲ್ಫೇಟಿಗೆ ಸುಣ್ಣ ಬೆರೆಸಬಾರದು, ಅಮೋನಿಯಾ ಆವಿಯಾಗಿ ಹೋಗ್ತದೆ ಅಂತ ನಾವು ಹೇಳ್ತೇವಲ್ಲ, ಈ ಏಡಿ ಬೇಕೆಂದೇ ಹಾಗೆ ಮಾಡುತ್ತದೆ. ಕಿವಿರುಗೂಡಿನ ದ್ರವ ಕ್ಷಾರವಾಗಿರುವುದರಿಂದ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ನೀರು ಉಳಿಯಿತು. ಹಟ್ಟಿಯಲ್ಲಿ ಮೂಗಿಗೆ ಬಡಿಯುವ ಗಂಜಲದ ಘಾಟೂ ಇದೇ ಅನಿಲ. ನಮಗೆ ಮಾತ್ರ ಅದು ಗೊಬ್ಬರದ ನಷ್ಟ.

ಮೂರನೆಯದು ತೆಂಗಿನೇಡಿ. ಮರವೇರಿ, ತೆಂಗಿನಕಾಯಿ ಒಡೆದು ತಿನ್ನಬಲ್ಲ ಆಸಾಮಿ. ನಮ್ಮ ನಿಕೋಬಾರಿನಲ್ಲೂ ಇದೆ. ನಿಜವಾಗಿ ಇದು ಸನ್ಯಾಸಿ ಏಡಿಯ ಬಳಗದ್ದು. ಇದರ ಸಾರಜನಕದ ಬಹುಪಾಲು ಯೂರಿಕ್ ಆಮ್ಲವಾಗಿ ಹಿಕ್ಕೆಯೊಂದಿಗೆ ಹೋಗುತ್ತದೆ, ಥೇಟ್ ಕೋಳಿಯಂತೆ.

ಆ ದ್ವೀಪದ ಕಾಡಿನ ತರಗೆಲೆಯನ್ನು ಗೊಬ್ಬರ ಮಾಡುವ ಮುಖ್ಯ ಕೆಲಸಗಾರ ಕೆಂಪು ಏಡಿ. 1990ರ ದಶಕದಿಂದೀಚೆಗೆ, ಹೊರಗಿನಿಂದ ಬಂದ ಹಳದಿ ಇರುವೆಗಳು ಫಾರ್ಮಿಕ್ ಆಮ್ಲ ಚಿಮುಕಿಸಿ ಲಕ್ಷಗಟ್ಟಲೆ ಏಡಿಗಳನ್ನು ಕೊಂದಿವೆ. ಏಡಿ ತೀರಿದ ಜಾಗದಲ್ಲಿ ತರಗೆಲೆ ಕೊಳೆಯದೆ ರಾಶಿಬಿದ್ದಿತು. ಇರುವೆಗೆ ಸಿಹಿದ್ರವ ಒದಗಿಸುವ ಶಲ್ಕಕೀಟವನ್ನು ಹತೋಟಿಗೆ ತರಲು 2016ರ ಕೊನೆಗೆ ಮಲೇಷ್ಯಾದ ಒಂದು ಪುಟ್ಟ ಪರತಂತ್ರ ಕಣಜವನ್ನು ಅಲ್ಲಿ ಬಿಡಲಾಯಿತು.